ಹಾರುವ ಓತಿಯ ಬೆನ್ನು ಹತ್ತಿದವರು

(ಬಾನುಲಿ ಭಾಷಣ)

ಗದುಗಿನ ವೀರನಾರಾಯಣನ ಗುಡಿಗೆ ಹೊಸಬರು ಯಾರೇ ಬರಲಿ, ಜೊತೆಗಿದ್ದ ಊರಿನವರು ಅವರನ್ನು ಒಂದು ಕಂಬದ ಬಳಿಗೆ ಕರೆದೊಯ್ಯದೆ ಬಿಡುವುದಿಲ್ಲ. ಕುಮಾರವ್ಯಾಸ ಈ ಕಂಬಕ್ಕೆ ಒರಗಿ ಕುಳಿತೇ ತನ್ನ ಭಾರತವನ್ನು ಬರೆದನೆಂದು ಹೇಳುತ್ತಾರೆ. ಅಷ್ಟಕ್ಕೇ ನಿಲ್ಲಿಸುವುದೂ ಇಲ್ಲ. ಕವಿ ದಿನವೂ ಕೋನೇರಿಯಲ್ಲಿ ಮಿಂದು ಒದ್ದೆಬಟ್ಟೆಯಲ್ಲಿಯೇ ಬಂದು ಕುಳಿತುಕೊಳ್ಳುತ್ತಿದ್ದನೆಂದೂ, ಮೈಮೇಲಿನ ಬಟ್ಟೆ ಆರುವವರೆಗೆ ಮಾತ್ರ ಪದ್ಯ ಹರಿಯುತ್ತಿತ್ತೆಂದೂ, ಆರಿತೆಂದರೆ ಅಂದಿನ ಬರವಣಿಗೆ ಮುಗಿದಂತೆಯೇ ಎಂದೂ ಸೇರಿಸುತ್ತಾರೆ. ಇದು ಐತಿಹ್ಯ. ನಮ್ಮ ಸೀಮೆಯ ಬೇಸಿಗೆಯ ಬಿಸಿಲನ್ನು ಬಲ್ಲವರು, ಚೈತ್ರ ವೈಶಾಖಗಳಲ್ಲಿ ಕವಿಗೆ ದಿನಕ್ಕೆ ನಾಲ್ಕು ಷಟ್ಪದಿಗಿಂತ ಹೆಚ್ಚು ದಕ್ಕಿರಲಾರದು ಎಂದು ನಕ್ಕಾರು. ಆದರೆ ಈ ಕಥೆಯನ್ನು ಕಟ್ಟಿದ ಜನರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು. ದೊಡ್ಡ ಕಲ್ಪನೆಯ ಬರಹಗಾರನಿಗೆ ಏನಾದರೊಂದು ವಿಚಿತ್ರ ಅಭ್ಯಾಸ ಇರಲೇಬೇಕು. ಆ ಅಭ್ಯಾಸಕ್ಕೂ ಅವನ ಬರವಣಿಗೆಗೂ ಒಳಗಿನ ಸಂಬಂಧವೂ ಇರಬೇಕು.

ಇಲ್ಲದ್ದನ್ನು ಇದೆಯೆಂದು ನಂಬಿಸಿ ಕಥೆ ಹೇಳುವವರ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ. ಫ್ರಾನ್ಸಿನ ಜೂಲ್ಸ್ ವರ್ನ್ ಬೆಳಗಿನ ಜಾವಕ್ಕೇ ಎದ್ದು ಬರೆಯುತ್ತಿದ್ದ, ಉಳಿದ ಹೊತ್ತಿನಲ್ಲಿ ಗ್ರಂಥಾಲಯದಲ್ಲಿ ಕುಳಿತು ಚೀಟಿಗಳ ಮೇಲೆ ಟಿಪ್ಪಣಿ ಮಾಡುತ್ತಿದ್ದ; ಇಂತಹ ಚೀಟಿಗಳು ಅವನಲ್ಲಿ ಸಾವಿರಗಟ್ಟಲೆ ಇದ್ದುವು. ಇಂಗ್ಲೆಂಡಿನ ಎಚ್. ಜಿ. ವೆಲ್ಸ್‌ನದು ಬೇರೊಂದು ಬಗೆ. 1898ರಲ್ಲಿ ಪುಸ್ತಕವಾಗಿ ಬಂದ ಅವನ ಕಾದಂಬರಿಯೊಂದರಲ್ಲಿ ಮಂಗಳಗ್ರಹದ ಜೀವಿಗಳು ಭೂಮಿಯ ಮೇಲೆ ದಂಡೆತ್ತಿ ಬರುತ್ತವೆ. ಅದನ್ನು ಬರೆಯುವ ಕಾಲದಲ್ಲಿ ವೆಲ್ಸ್ ವೋಕಿಂಗ್ ಎಂಬ ಊರಿನಲ್ಲಿದ್ದ. ಆಗಷ್ಟೆ ಕಲಿತ ಸೈಕಲ್ಲನ್ನೇರಿ ಸುತ್ತಲಿನ ಬೀದಿ ಬಯಲುಗಳನ್ನೆಲ್ಲ ಸುತ್ತುತ್ತ, ಮಂಗಳದವರು ಯಾವ ಮನೆಯನ್ನು ಸುಡಬೇಕು, ಯಾವ ನೆರೆಯವನನ್ನು ಕೊಲ್ಲಬೇಕು ಎಂಬುದನ್ನು ಸ್ಥಳದಲ್ಲಿಯೇ ಗುರುತು ಹಾಕಿಕೊಳ್ಳುತ್ತಿದ್ದನಂತೆ. ಹುಡುಗಾಟದಂತೆ ತೋರುವ ಈ ಸಂಗತಿಯಲ್ಲಿ ದೊಡ್ಡದೊಂದು ಗುಟ್ಟು ಅಡಗಿದೆ. ಗ್ರಹಾಂತರದ ಜೀವಿಯನ್ನು ಓದುಗ ನಂಬಬೇಕಾದರೆ ಅದು ಬಂದಿಳಿಯುವ ಬಯಲಿನ ಹುಲ್ಲು ನಿಜವಾದ ಹುಲ್ಲಾಗಿರಬೇಕು.

ಕನ್ನಡದಲ್ಲಿ ಈ ಗುಟ್ಟನ್ನು ಬೇರೆಲ್ಲರಿಗಿಂತ ಆಳವಾಗಿ ಅರಿತಿದ್ದವರು ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಎಂದು ನನ್ನ ತಿಳಿವಳಿಕೆ. ತೇಜಸ್ವಿಯವರನ್ನು ವಿಜ್ಞಾನ ಕಥೆಗಾರರ ಸಾಲಿನಲ್ಲಿ ಕೂರಿಸುವುದಕ್ಕೆ ಹಲವರು ಒಪ್ಪಲಾರರು. ಆ ಹೆಸರಿಗೆ ನೇರವಾಗಿ ಸಲ್ಲತಕ್ಕ ಲೇಖಕರು ನಮ್ಮಲ್ಲಿ ಬೇರೆ ಇದ್ದಾರೆ; ರಾಜಶೇಖರ ಭೂಸನೂರಮಠರು ವಿಜ್ಞಾನ ಕಥೆಯನ್ನೇ ತಮ್ಮ ಕ್ಷೇತ್ರವನ್ನಾಗಿ ಮಾಡಿಕೊಂಡು ಬರೆದವರು. ತೇಜಸ್ವಿಯವರ ಕಥೆಗಳಲ್ಲಿ ರಾಕೆಟ್ಟಿಲ್ಲ, ಯಂತ್ರಮಾನವನಿಲ್ಲ, ಮುಂದಿನ ಶತಮಾನವಿಲ್ಲ. ಆದರೂ 'ಕರ್ವಾಲೊ' ಕಾದಂಬರಿಯ ನಡುವಿರುವುದು ಅಪ್ಪಟ ವಿಜ್ಞಾನ ಕಲ್ಪನೆಯೇ. ಕೋಟಿಗಟ್ಟಲೆ ವರ್ಷಗಳ ಹಿಂದಿನ ಜೀವಿಯೊಂದು, ಜೀವವಿಕಾಸದ ಹಾದಿಯಲ್ಲಿ ಎಲ್ಲರೂ ಮರೆತು ಮುಂದೆ ಹೋದ ಒಂದು ಓತಿ, ಮೂಡಿಗೆರೆಯ ಸಮೀಪದ ಕಾಡಿನಲ್ಲಿ ಇನ್ನೂ ಬದುಕಿದ್ದರೆ? ಈ 'ಇದ್ದರೆ' ಎಂಬ ಒಂದೇ ಮಾತಿನ ಮೇಲೆ ಇಡಿಯ ಕೃತಿ ನಿಂತಿದೆ.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ಕುವೆಂಪು ಅವರ ಹಿರಿಯ ಮಗ. ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿದವರು. ಆ ಕಾಲದಲ್ಲಿ ಅಂಥ ಮನೆಯ, ಅಂಥ ಪದವಿಯ ತರುಣನಿಗೆ ಕಾಲೇಜಿನ ಅಧ್ಯಾಪಕನ ಕೆಲಸ ಹಾಸಿ ಇಟ್ಟ ಹಾಸಿಗೆಯಂತಿತ್ತು. ತೇಜಸ್ವಿ ಅತ್ತ ಕಡೆ ತಲೆ ಹಾಕಲಿಲ್ಲ. ಕೃಷಿ ಮಾಡುತ್ತೇನೆಂದು ಹೊರಟು ಮೂಡಿಗೆರೆಯ ಕಾಫಿ ಸೀಮೆಗೆ ಬಂದು ನೆಲೆ ನಿಂತರು. ಮೊದಲು 'ಚಿತ್ರಕೂಟ', ಅನಂತರ 'ನಿರುತ್ತರ'. ಈ ಎರಡನೆಯ ಹೆಸರನ್ನು ಗಮನಿಸಬೇಕು. ಮನೆಗೆ ಶಾಂತಿನಿಲಯ, ಕೃಪಾ, ಪ್ರಸಾದ ಎಂದು ಹೆಸರಿಡುವ ನಾಡಿನಲ್ಲಿ, ಉತ್ತರವಿಲ್ಲದ್ದು ಎಂದು ಹೆಸರಿಟ್ಟವನ ಮನಸ್ಸು ಹೇಗಿದ್ದೀತು? ಪ್ರಶ್ನೆ ಕೇಳುವುದರಲ್ಲಿಯೇ ಸುಖ ಕಂಡ ಮನುಷ್ಯ ಮಾತ್ರ ಅಂಥ ಸೂರಿನಡಿ ನೆಮ್ಮದಿಯಿಂದ ನಿದ್ರಿಸಬಲ್ಲ.

ಅವರ ಮದುವೆಯೂ ಹೀಗೆಯೇ ರೂಢಿಯ ಹಾದಿಯನ್ನು ಬಿಟ್ಟದ್ದು. 1966ರಲ್ಲಿ ರಾಜೇಶ್ವರಿಯವರೊಡನೆ ನಡೆದ ಆ ಸರಳ ವಿವಾಹಕ್ಕಾಗಿಯೇ ಕುವೆಂಪು ಮಂತ್ರಮಾಂಗಲ್ಯದ ಪದ್ಧತಿಯನ್ನು ರೂಪಿಸಿದರು. ಮುಂದೆ ರಾಜೇಶ್ವರಿಯವರು 'ನನ್ನ ತೇಜಸ್ವಿ' ಎಂಬ ನೆನಪಿನ ಪುಸ್ತಕವನ್ನು ಬರೆದರು. ತೇಜಸ್ವಿಯವರ ಸ್ವಭಾವವನ್ನು ಅರಿಯಬೇಕೆನ್ನುವವರು ವಿಮರ್ಶೆಗಳಿಗಿಂತ ಮೊದಲು ಅದನ್ನು ಓದುವುದು ಲೇಸು.

ಇನ್ನು ಅಭ್ಯಾಸಗಳ ಮಾತು. ಕುಮಾರವ್ಯಾಸನಿಗೆ ಒದ್ದೆಬಟ್ಟೆಯಾದರೆ ತೇಜಸ್ವಿಯವರಿಗೆ ಗಾಳ. ಮಲೆನಾಡಿನ ಹೊಳೆಯ ಮಡುಗಳ ದಡದಲ್ಲಿ ಮೀನಿಗಾಗಿ ಗಂಟೆಗಟ್ಟಲೆ ಅಲುಗದೆ ಕುಳಿತಿರುವುದು ಅವರಿಗೆ ಬರಿಯ ಹವ್ಯಾಸವಾಗಿರಲಿಲ್ಲ, ಚಟವಾಗಿತ್ತು. ಅಂಡಮಾನಿಗೆ ಹೋದಾಗಲೂ ಗಾಳದ ಸರಂಜಾಮು ಕಟ್ಟಿಕೊಂಡೇ ಹೋದರು. 'ಅಲೆಮಾರಿಯ ಅಂಡಮಾನ್' ಓದಿದವರಿಗೆ ಆ ಪ್ರವಾಸದಲ್ಲಿ ಮೀನಿನ ಪಾಲು ಎಷ್ಟೆಂಬುದು ತಿಳಿದೇ ಇದೆ. ಗಾಳದ ಜೊತೆಗೆ ಕ್ಯಾಮೆರಾ. ಹಕ್ಕಿಯ ಒಂದು ಚಿತ್ರಕ್ಕಾಗಿ ಮರೆಯಲ್ಲಿ ಕುಳಿತು ಕಾಯುವ ಕೆಲಸ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಸಿತಾರ್ ಕಲಿತದ್ದುಂಟು, ಚಿತ್ರ ಬರೆದದ್ದುಂಟು. ಪುಸ್ತಕಗಳನ್ನು ತಾವೇ ಪ್ರಕಟಿಸಬೇಕೆಂದು ತಮ್ಮದೇ ಪ್ರಕಾಶನ ಕಟ್ಟಿದರು. ಗಣಕಯಂತ್ರ ಬಂದಾಗ, ಕನ್ನಡದ ಹಿರಿಯ ಲೇಖಕರು ಬಹುಮಂದಿ ಅದನ್ನು ದೂರದಿಂದಲೇ ನೋಡುತ್ತಿದ್ದ ಕಾಲದಲ್ಲಿ, ತೇಜಸ್ವಿ ಅದರ ಮುಂದೆ ಕುಳಿತು ಅದರ ಒಳಹೊರಗನ್ನು ಕಲಿತರು. ಕನ್ನಡಕ್ಕೆ ತಕ್ಕ ತಂತ್ರಾಂಶ ಬೇಕೆಂದು ಹಟ ಹಿಡಿದು ದುಡಿದರು. ಸಭೆ, ಸನ್ಮಾನ, ಹಾರ ತುರಾಯಿಗಳೆಂದರೆ ಮಾತ್ರ ಮೈಲಿ ದೂರ. ಊರಿನ ಪೇಟೆಗೆ ಸ್ಕೂಟರಿನಲ್ಲಿ ಬಂದು ಹೋಗುವ ಒಬ್ಬ ಸಾಮಾನ್ಯ ತೋಟಗಾರ. ಇವರೇ ತೇಜಸ್ವಿ ಎಂದು ಗುರುತಿಸಬೇಕಾದರೆ ಯಾರಾದರೂ ತೋರಿಸಿಕೊಡಬೇಕಾಗಿತ್ತು.

ಇವನ್ನೆಲ್ಲ ವ್ಯಕ್ತಿಯ ವಿಲಕ್ಷಣತೆಗಳೆಂದು ಪಟ್ಟಿ ಮಾಡಿ ಮುಗಿಸಬಹುದು. ಹಲವರು ಹಾಗೆ ಮುಗಿಸಿಯೂ ಇದ್ದಾರೆ. ನನಗೆ ತೋರುವುದು ಬೇರೆ. ಗಾಳ, ಕ್ಯಾಮೆರಾ ಇವೆರಡೂ ಒಂದೇ ಪಾಠವನ್ನು ಕಲಿಸುತ್ತವೆ: ಸುಮ್ಮನಿರುವುದು, ನೋಡುವುದು. ಮೀನು ನಮ್ಮ ಇಚ್ಛೆಯಂತೆ ಬರುವುದಿಲ್ಲ. ಹಕ್ಕಿ ನಮ್ಮ ತತ್ವಜ್ಞಾನಕ್ಕೆ ತಕ್ಕ ಭಂಗಿಯಲ್ಲಿ ಕೂರುವುದಿಲ್ಲ. ಅವುಗಳ ಎದುರಿಗೆ 'ನಾನು' ಎಂಬುದು ತನ್ನಷ್ಟಕ್ಕೆ ತಾನೇ ಸಣ್ಣದಾಗುತ್ತದೆ. ತೇಜಸ್ವಿ ಬರೆಯತೊಡಗಿದಾಗ ನವ್ಯದ ಉತ್ಕರ್ಷ ಕಾಲ. ಆ ಸಾಹಿತ್ಯದ ಕೇಂದ್ರದಲ್ಲಿದ್ದುದೇ ಈ 'ನಾನು': ಅದರ ತಳಮಳ, ಅದರ ಅನಾಥಪ್ರಜ್ಞೆ. ತೇಜಸ್ವಿಯವರೂ ಮೊದಲಲ್ಲಿ ಅದೇ ಮಾರ್ಗದಲ್ಲಿ 'ಸ್ವರೂಪ'ದಂಥ ಕೃತಿಗಳನ್ನು ಬರೆದರು. ಆಮೇಲೆ 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಸಂಕಲನ ಬಂದಿತು. ಅದರ ಮುನ್ನುಡಿ ಆ ಕಾಲದ ಸಾಹಿತ್ಯ ವಲಯದಲ್ಲಿ ಕಲ್ಲೆಸೆದ ಜೇನುಗೂಡಿನಂತೆ ಗದ್ದಲವೆಬ್ಬಿಸಿತು. ನವ್ಯದ ದಾರಿ ತಮಗಿನ್ನು ಸಾಲದೆಂದು ತೇಜಸ್ವಿ ಅಲ್ಲಿ ಸ್ಪಷ್ಟವಾಗಿ ಹೇಳಿದರು. ತಮ್ಮ ಮೇಲಿನ ಪ್ರಭಾವಗಳೆಂದು ಮೂವರನ್ನು ಹೆಸರಿಸಿದರು. ಲೋಹಿಯಾರ ತತ್ವಚಿಂತನೆ, ಕುವೆಂಪು ಅವರ ಕಲಾಸೃಷ್ಟಿ, ಕಾರಂತರ ಜೀವನದೃಷ್ಟಿ ಮತ್ತು ಪ್ರಯೋಗಶೀಲತೆ.

ಈ ಮೂವರಲ್ಲಿ ಮೊದಲಿನಿಬ್ಬರ ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಮೂರನೆಯವರ ಕಡೆ ನಮ್ಮ ವಿಮರ್ಶೆ ಅಷ್ಟು ಗಮನ ಕೊಟ್ಟಂತಿಲ್ಲ. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ 'ಬಾಲಪ್ರಪಂಚ'ದ ಸಂಪುಟಗಳನ್ನು ತಂದರು, ಮುಂದೆ 'ವಿಜ್ಞಾನ ಪ್ರಪಂಚ'ವನ್ನು ರಚಿಸಿದರು. ಕಾದಂಬರಿಕಾರನೊಬ್ಬ ನಕ್ಷತ್ರ, ಶಿಲೆ, ಕೀಟಗಳ ಬಗ್ಗೆ ಬರೆಯುವುದು ಅವನ ಘನತೆಗೆ ಕುಂದಲ್ಲ ಎಂಬುದನ್ನು ಕನ್ನಡಕ್ಕೆ ಮೊದಲು ತೋರಿಸಿಕೊಟ್ಟವರು ಅವರು. ಆ ದಾರಿ ತೆರೆದಿರದಿದ್ದರೆ ಮೂಡಿಗೆರೆಯ ದಾರಿ ಇಷ್ಟು ಸಲೀಸಾಗುತ್ತಿರಲಿಲ್ಲ.

'ಕರ್ವಾಲೊ' 1980ರಲ್ಲಿ ಪ್ರಕಟವಾಯಿತು. ಕಥೆ ಶುರುವಾಗುವುದು ಕೋಟಿ ವರ್ಷಗಳ ಹಿಂದಿನ ಮಾತಿನಿಂದಲ್ಲ, ಜೇನುತುಪ್ಪದಿಂದ. ಬೇಸಾಯದಲ್ಲಿ ಸೋತು ಜಮೀನು ಮಾರಿ ಹೋಗಿಬಿಡಲೇ ಎಂದು ಯೋಚಿಸುತ್ತಿರುವ ನಿರೂಪಕ, ಊರಿನವರ ಕಣ್ಣಿಗೆ ಶುದ್ಧ ಉಂಡಾಡಿಯಾದ ಮಂದಣ್ಣ, ಅವನ ಬೆನ್ನು ಬಿಡದ ವಿಜ್ಞಾನಿ ಕರ್ವಾಲೊ, ಫೋಟೋ ತೆಗೆಯುವ ಪ್ರಭಾಕರ, ಅಡಿಗೆಯ ಪ್ಯಾರ, ಬಿರಿಯಾನಿ ಕರಿಯಪ್ಪ, ಜೊತೆಗೆ ಕಿವಿ ಎಂಬ ನಾಯಿ. ಮಂದಣ್ಣನಿಗೆ ಒಂದು ಮದುವೆಯಾಗಬೇಕು, ಮದುವೆಗಾಗಿ ಒಂದು ಜವಾನನ ಕೆಲಸವಾದರೂ ಸಿಗಬೇಕು. ಲೋಕದ ದೃಷ್ಟಿಯಲ್ಲಿ ಅವನಿಗೆ ಇಷ್ಟೇ ಬೆಲೆ. ಕರ್ವಾಲೊ ಒಬ್ಬನಿಗೆ ಮಾತ್ರ ಗೊತ್ತು, ಇವನು ಹುಟ್ಟಾ ಪ್ರಕೃತಿ ವಿಜ್ಞಾನಿಯೆಂದು. ಹಾರುವ ಓತಿಯನ್ನು ಕಣ್ಣಾರೆ ಕಂಡವನು ಅವನೇ. ಕಂಡರೂ ಅದೊಂದು ಹೇಳತಕ್ಕ ಸಂಗತಿಯೆಂದು ಅವನಿಗೆ ಅನಿಸಿಯೇ ಇರಲಿಲ್ಲ.

ಇದನ್ನು ಆರ್ಥರ್ ಕಾನನ್ ಡಾಯ್ಲ್ 1912ರಲ್ಲಿ ಬರೆದ ಕಾದಂಬರಿಯೊಂದರ ಪಕ್ಕದಲ್ಲಿಟ್ಟು ನೋಡಬೇಕೆಂದು ನನಗೆ ಅನೇಕ ಸಲ ಅನ್ನಿಸಿದೆ. ಅಲ್ಲಿಯೂ ಒಬ್ಬ ಪ್ರೊಫೆಸರ್, ಅಲ್ಲಿಯೂ ಒಂದು ತಂಡ, ಅಲ್ಲಿಯೂ ಅಳಿದುಹೋದುವೆಂದು ಲೋಕ ತಿಳಿದಿದ್ದ ಪ್ರಾಣಿಗಳ ಶೋಧ. ಆದರೆ ಡಾಯ್ಲನ ತಂಡ ಸಮುದ್ರ ದಾಟಿ ದಕ್ಷಿಣ ಅಮೆರಿಕಕ್ಕೆ ಹೋಗುತ್ತದೆ. ಸ್ಥಳೀಯರು ಅಲ್ಲಿ ಹೊರೆ ಹೊರುವವರು, ದಾರಿ ತೋರಿಸುವವರು. ತಿಳಿವಳಿಕೆಯೆಲ್ಲ ಲಂಡನ್ನಿನಿಂದ ಬಂದವರದು. ತೇಜಸ್ವಿಯವರಲ್ಲಿ ಇದು ತಲೆಕೆಳಗಾಗಿದೆ. ಯಾತ್ರೆ ಹೊರಡುವುದು ಪಕ್ಕದ ಕಾಡಿಗೆ. ತಿಳಿದವನು ಮಂದಣ್ಣ, ಕಲಿಯಲು ಹೊರಟವನು ವಿಜ್ಞಾನಿ. ಈ ಒಂದು ಬದಲಾವಣೆಯಿಂದ ಸಾಹಸಕಥೆಯ ಚೌಕಟ್ಟಿನೊಳಗೆ ಇಡೀ ಒಂದು ಸಮಾಜದ ಪ್ರಶ್ನೆ ಬಂದು ಕೂರುತ್ತದೆ: ನಾವು ಯಾರನ್ನು ಬಲ್ಲವರೆನ್ನುತ್ತೇವೆ, ಯಾರನ್ನು ದಡ್ಡರೆನ್ನುತ್ತೇವೆ? ಲೋಹಿಯಾ ತತ್ವ ಕಾದಂಬರಿಯಲ್ಲಿ ಎಲ್ಲಿದೆಯೆಂದು ಹುಡುಕುವವರು ಇಲ್ಲಿ ಹುಡುಕಬೇಕು.

ಹಾರುವ ಓತಿ ಬರಿಯ ಕಲ್ಪನೆಯೇ ಎಂದು ಕೇಳುವವರಿದ್ದಾರೆ. ಅಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಅಂಥದೊಂದು ಹಲ್ಲಿಯ ಜಾತಿಯ ಪ್ರಾಣಿ ನಿಜವಾಗಿಯೂ ಇದೆ. ಅದಕ್ಕೆ ಹಕ್ಕಿಯ ರೆಕ್ಕೆಯಿಲ್ಲ. ಪಕ್ಕೆಲುಬುಗಳೇ ನೀಳವಾಗಿ ಹೊರಚಾಚಿ, ಅವುಗಳ ಮೇಲೆ ಚರ್ಮದ ಪೊರೆ ಹರಡಿಕೊಂಡು ಕೊಡೆಯಂತೆ ಬಿಚ್ಚುತ್ತದೆ. ಆ ಪೊರೆಯ ಮೇಲೆ ತೇಲಿ ಅದು ಒಂದು ಮರದಿಂದ ಇನ್ನೊಂದು ಮರಕ್ಕೆ ಇಳಿಯುತ್ತದೆ. ಮುಖ್ಯ ಆಹಾರ ಇರುವೆ. ಗಂಡಿನ ಗಂಟಲಲ್ಲಿ ಹಳದಿಯ ಚೀಲವೊಂದಿದ್ದು, ಅದನ್ನು ಬಾವುಟದಂತೆ ಹೊರಚಾಚಿ ಆಡಿಸುತ್ತದೆ. ಹೆಣ್ಣು ನೆಲಕ್ಕಿಳಿಯುವುದು ಮೊಟ್ಟೆಯಿಡಲು ಮಾತ್ರ ಎನ್ನಬಹುದು. ಇಷ್ಟು ವಾಸ್ತವ. ತೇಜಸ್ವಿ ಇದಕ್ಕೆ ಸೇರಿಸಿದ್ದು ಕಾಲದ ಆಯಾಮವನ್ನು. ಕಣ್ಣೆದುರಿನ ಈ ಪ್ರಾಣಿಯನ್ನು ಕೋಟಿ ವರ್ಷಗಳ ಆಚೆಯ ಅಂಚಿಗೆ ಒಯ್ದು ನಿಲ್ಲಿಸಿದರು. ಹೀಗೆ ಮಾಡುವುದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲದೆಯೂ ಇರಲಿಲ್ಲ. ತೇಜಸ್ವಿ ಹುಟ್ಟಿದ ವರ್ಷವೇ, 1938ರ ಡಿಸೆಂಬರಿನಲ್ಲಿ, ದಕ್ಷಿಣ ಆಫ್ರಿಕದ ಕರಾವಳಿಯಲ್ಲಿ ಮೀನುಗಾರರ ಬಲೆಗೆ ಒಂದು ವಿಚಿತ್ರ ಮೀನು ಬಿದ್ದಿತು. ಊರಿನ ಸಣ್ಣ ವಸ್ತುಸಂಗ್ರಹಾಲಯದ ತರುಣಿಯೊಬ್ಬಳು, ಮಾರ್ಜರಿ ಕೋರ್ಟ್ನಿ ಲ್ಯಾಟಿಮರ್, ಅದನ್ನು ರಾಶಿಯೊಳಗಿಂದ ಗುರುತಿಸಿ ಎತ್ತಿದಳು. ಅದು ಸೀಲಕಾಂತ್. ಸುಮಾರು 6.5 ಕೋಟಿ ವರ್ಷಗಳ ಹಿಂದೆಯೇ ಅಳಿದುಹೋಯಿತೆಂದು ಪಂಡಿತರು ಬರೆದಿಟ್ಟಿದ್ದ ಮೀನು. ಅಲ್ಲಿಯೂ ಮೊದಲು ಕಂಡವರು ಬೆಸ್ತರು, ಆಮೇಲೆ ಹೆಸರಿಟ್ಟವರು ಪ್ರೊಫೆಸರರು.

ಕಾದಂಬರಿಯ ಕೊನೆಯಲ್ಲಿ ಓತಿ ಕೈಗೆ ಸಿಗುವುದಿಲ್ಲ. ಕಣಿವೆಯ ಅಂಚಿನಿಂದ ತೇಲಿಕೊಂಡು ಹೊರಟುಹೋಗುತ್ತದೆ. ಈ ಮುಕ್ತಾಯವನ್ನು ಕೆಲವರು ಆಧ್ಯಾತ್ಮಿಕ ಸಂಕೇತವೆಂದು ವ್ಯಾಖ್ಯಾನಿಸಿದ್ದುಂಟು. ಇರಬಹುದು. ಗಾಳ ಹಾಕಿ ದಿನವೆಲ್ಲ ಕುಳಿತು ಬರಿಗೈಯಲ್ಲಿ ಮನೆಗೆ ಬಂದ ಅನುಭವ ಇರುವವನಿಗೆ ಆ ವ್ಯಾಖ್ಯಾನದ ಅಗತ್ಯ ತೋರದೆಯೂ ಇರಬಹುದು.

ಮುಂದಿನ ಎರಡು ದೊಡ್ಡ ಕಾದಂಬರಿಗಳ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. 1985ರ 'ಚಿದಂಬರ ರಹಸ್ಯ' ಪತ್ತೇದಾರಿಯ ವೇಷ ಹಾಕಿ ಬಂದ ಕೃತಿ. ಕೇಂದ್ರ ಸಾಹಿತ್ಯ ಅಕಾಡೆಮಿ 1987ರಲ್ಲಿ ಅದಕ್ಕೆ ಪ್ರಶಸ್ತಿ ನೀಡಿತು. ಏಲಕ್ಕಿಯ ಬೆಳೆ ಕುಸಿಯುತ್ತಿರುವುದೇಕೆಂಬ ಒಂದು ಸರಳ ಪ್ರಶ್ನೆಯಿಂದ ಹೊರಟು, ಊರಿಗೆ ಊರೇ ಬೆಂಕಿಯ ಬಾಯಿಗೆ ಬೀಳುವವರೆಗೆ ಅದು ನಡೆಯುತ್ತದೆ. ಹೊರದೇಶದಿಂದ ಬಂದು ಕಾಡನ್ನು ನುಂಗಿದ ಲಂಟಾನದ ಪೊದೆ ಅಲ್ಲಿ ಒಂದು ಪಾತ್ರವೇ ಆಗಿದೆ. ಬರಿಯ ಒಂದು ಕಳೆಗಿಡ ಊರಿನ ಅಂತ್ಯಕ್ಕೆ ಕಾರಣವಾಗಬಹುದೆಂಬ ಊಹೆಯನ್ನು ಅಂದು ಓದಿದವರು ಅತಿಶಯವೆಂದುಕೊಂಡಿರಬಹುದು; ಪ್ರತಿ ಬೇಸಿಗೆಯಲ್ಲಿಯೂ ಕಾಡ್ಗಿಚ್ಚಿನ ಸುದ್ದಿಯನ್ನು ಓದುವ ಇಂದಿನವರಿಗೆ ಹಾಗೆನ್ನಿಸಲಾರದು. 1994ರ 'ಜುಗಾರಿ ಕ್ರಾಸ್' ಓದಿಸಿಕೊಂಡು ಹೋಗುವ ವೇಗದಲ್ಲಿ ಎಲ್ಲಕ್ಕೂ ಮುಂದು. ನನ್ನ ಮಟ್ಟಿಗೆ 'ಕರ್ವಾಲೊ'ವಿನ ಬೆರಗು ಅದರಲ್ಲಿಲ್ಲ.

ಆದರೆ ನಿಜವಾದ ವಿವಾದ ಇರುವುದು ಇನ್ನೊಂದು ಕಡೆ. 1990ರ ಆಚೆಗೆ ತೇಜಸ್ವಿ ಬರೆದದ್ದರ ಬಹುಪಾಲು ಕಥೆ ಕಾದಂಬರಿಗಳಲ್ಲ. 'ಪರಿಸರದ ಕತೆ', 'ಮಿಸ್ಸಿಂಗ್ ಲಿಂಕ್', 'ಫ್ಲೈಯಿಂಗ್ ಸಾಸರ್ಸ್', ಹಕ್ಕಿಗಳ ಪುಸ್ತಕಗಳು, ಕೆನೆತ್ ಆಂಡರ್ಸನ್ನನ ಬೇಟೆಯ ಕಥೆಗಳ ರೂಪಾಂತರ, 'ಮಹಾಪಲಾಯನ', ಮಿಲೆನಿಯಮ್ ಸರಣಿಯ 'ಚಂದ್ರನ ಚೂರು', 'ಜೀವನ ಸಂಗ್ರಾಮ', 'ಮಹಾಯುದ್ಧ'. ಸಾಹಿತ್ಯದ ಹಿರಿಯ ಓದುಗರಲ್ಲಿ ಒಂದು ಕೊರಗು ಹಬ್ಬಿತು: ಇಂಥ ಪ್ರತಿಭೆ ಶಾಲಾ ಹುಡುಗರ ವಾಚನಕ್ಕೆ ವ್ಯರ್ಥವಾಗುತ್ತಿದೆ, ಇವರು ಇನ್ನೊಂದು 'ಕರ್ವಾಲೊ' ಬರೆಯಬಾರದೇ ಎಂದು. ಒಂದು ಕಾಲಕ್ಕೆ ನಾನೂ ಹಾಗೆ ಹೇಳಿದವರಲ್ಲಿ ಒಬ್ಬ. ಹಾರುವ ತಟ್ಟೆಗಳ ಮೇಲೆ ಎರಡು ಭಾಗ ಪುಸ್ತಕ ಬರೆಯುವುದು ಕುವೆಂಪು ಅವರ ಮಗ ಮಾಡತಕ್ಕ ಕೆಲಸವೇ ಎಂದು ಸಿಡುಕಿದ್ದುಂಟು.

ನನ್ನ ಅಭಿಪ್ರಾಯ ಬದಲಾದದ್ದು ವಿಮರ್ಶೆಯನ್ನು ಓದಿ ಅಲ್ಲ. ನಾನಿರುವುದು ಡೋಣಿಯಲ್ಲಿ, ಕಪ್ಪತಗುಡ್ಡದ ಬುಡದಲ್ಲಿ. ಒಂದು ಕಡೆ ಜೋಳ, ಕುಸುಬಿಯ ಎರೆಹೊಲ; ಇನ್ನೊಂದು ಕಡೆ ಕೆಂಪುಗುಡ್ಡ. ಮಲೆನಾಡಿನ ಜಡಿಮಳೆಯಾಗಲಿ ಏಲಕ್ಕಿಯ ಕಂಪಾಗಲಿ ಇಲ್ಲಿಲ್ಲ. ಇಲ್ಲಿನ ಹುಡುಗನೊಬ್ಬನ ಕೈಗೆ 'ಕರ್ವಾಲೊ' ಕೊಟ್ಟೆ. ನಾಲ್ಕು ದಿನ ಬಿಟ್ಟು ಪುಸ್ತಕ ಹಿಂದಿರುಗಿಸಲು ಬಂದವನು ಕಥೆಯ ಬಗ್ಗೆ ಒಂದು ಮಾತೂ ಆಡದೆ, ನಮ್ಮ ಗುಡ್ಡದಾಗ ಎಂಥ ಓತಿಕ್ಯಾತ ಅದಾವ್ರಿ ಸರ, ಎಂದು ಕೇಳಿದ. ನಾನು ಉತ್ತರಿಸಲಾರದೆ ಹೋದೆ. ಅರವತ್ತು ವರ್ಷ ಆ ಗುಡ್ಡವನ್ನು ನೋಡುತ್ತ ಬದುಕಿದವನಿಗೆ ಅಲ್ಲಿನ ಒಂದು ಹುಳುವಿನ ಹೆಸರೂ ಬರಲಿಲ್ಲ. ನಮ್ಮ ಬಾಲ್ಯದಲ್ಲಿ ಓತಿಕ್ಯಾತವೆಂದರೆ ಕಲ್ಲು ಹೊಡೆಯಲು ದೇವರು ಕೊಟ್ಟ ಗುರಿ, ಅಷ್ಟೆ. ಇಬ್ಬರೂ ಸೇರಿ ಕುರಿ ಕಾಯುವ ಹಿರಿಯನೊಬ್ಬನನ್ನು ಹಿಡಿದೆವು. ಅವನು ನಾಲ್ಕು ಬಗೆಯವನ್ನು ಒಂದೇ ಉಸಿರಿನಲ್ಲಿ ವಿವರಿಸಿದ. ಯಾವುದು ಕಲ್ಲಿನ ಸಂದಿಯಲ್ಲಿರುವುದು, ಯಾವುದು ಬಯಲಿನಲ್ಲಿ ನಿಂತು ಗಂಟಲು ಬೀಸುವುದು, ಅದು ಗಂಟಲು ಬೀಸತೊಡಗಿದ ಮೇಲೆ ಮಳೆಗೆ ಎಷ್ಟು ದಿನ ಎಂಬುದನ್ನೆಲ್ಲ ಹೇಳಿದ. ಅವುಗಳ ಹೆಸರೇನೆಂದು ಕೇಳಿದ್ದಕ್ಕೆ ನಕ್ಕುಬಿಟ್ಟ. "ಅದಕ್ಕ ಹೆಸರು ಯಾಕ ಬೇಕ್ರಿ ಸರ? ಕರದ್ರ ಏನು ಬರತೈತೇನು ಅದು?" ಎಂದ.

ಮಂದಣ್ಣ ಎಂಬುವನು ತೇಜಸ್ವಿಯವರ ಕಲ್ಪನೆಯ ಶಿಶುವಲ್ಲ ಎಂದು ನನಗೆ ಆ ದಿನ ಖಾತರಿಯಾಯಿತು.

ಆ ಗಂಟಲು ಬೀಸುವ ಓತಿಯ ಬಗ್ಗೆ ಆಮೇಲೆ ಸ್ವಲ್ಪ ಓದಿದೆ. ಬೇಸಿಗೆಯ ಕೊನೆಗೆ, ಮಳೆ ಬರುವ ಮುನ್ನ, ಗಂಡು ಓತಿ ಕಲ್ಲನ್ನೇರಿ ನಿಂತು ಗಂಟಲ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚುತ್ತದೆ. ಕೆಲವು ಜಾತಿಗಳಲ್ಲಿ ಆ ಬೀಸಣಿಗೆಗೆ ನೀಲಿ, ಕಪ್ಪು, ಕಿತ್ತಳೆಯ ಬಣ್ಣಗಳಿರುತ್ತವೆ. ದಖ್ಖನಿನ ಬಯಲುಗಳಲ್ಲಿರುವ ಈ ಪ್ರಾಣಿಗಳನ್ನು ವಿಜ್ಞಾನಿಗಳು ಬಹುಕಾಲ ಕೆಲವೇ ಜಾತಿಗಳೆಂದು ಎಣಿಸಿದ್ದರು. 2016ರಲ್ಲಿ ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಐದು ಹೊಸ ಜಾತಿಗಳು, ಒಂದು ಹೊಸ ಕುಲವೇ, ಬೆಳಕಿಗೆ ಬಂದುವು. ಅವುಗಳಲ್ಲೊಂದಕ್ಕೆ ಡಾರ್ವಿನ್ನನ ಹೆಸರಿಟ್ಟಿದ್ದಾರೆ. ಕುಲಕ್ಕೆ ಇಟ್ಟ ಹೆಸರು ಮಾತ್ರ ಮರಾಠಿ ಹಳ್ಳಿಗರ ಬಾಯಿಂದ ಬಂದ 'ಸರಡಾ' ಎಂಬ ಮಾತು. ಎಲ್ಲರ ಕಾಲಡಿಯಲ್ಲಿ ಓಡಾಡುತ್ತಿದ್ದ ಪ್ರಾಣಿ ಇಪ್ಪತ್ತೊಂದನೆಯ ಶತಮಾನದವರೆಗೆ ಶಾಸ್ತ್ರದ ಕಣ್ಣಿಗೆ ಬಿದ್ದಿರಲಿಲ್ಲವೆಂದರೆ, ನರ್ವೆಯ ಕಾಡಿನ ಓತಿ ಅಂಥ ಅಸಂಭವವೇನೂ ಅಲ್ಲ.

ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಸಾತಾರಾದ ಹತ್ತಿರ ಚಾಳಕೇವಾಡಿ ಎಂಬಲ್ಲಿ ಒಂದು ಪ್ರಸ್ಥಭೂಮಿಯ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಅವರ ಸಂಗಡಿಗರು ಅಲ್ಲಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಗಾಳಿಯಂತ್ರವಿರುವ ಕಡೆ ಹದ್ದು, ಗಿಡುಗದಂಥ ಬೇಟೆಯ ಹಕ್ಕಿಗಳು ಯಂತ್ರವಿಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ವಿರಳ. ಹಕ್ಕಿಗಳ ಭಯ ತಗ್ಗಿದ್ದರಿಂದ ಈ ಬೀಸಣಿಗೆ ಗಂಟಲ ಓತಿಗಳು ಹೆಚ್ಚಿವೆ. ಹೆಚ್ಚಿದವು ಹಳೆಯ ಓತಿಗಳಾಗಿಯೇ ಉಳಿದಿಲ್ಲ: ಮನುಷ್ಯ ತೀರ ಹತ್ತಿರ ಬಂದರೂ ಓಡುವುದಿಲ್ಲ, ಮೈ ಬಡಕಲಾಗಿದೆ, ಗಂಟಲ ಬಣ್ಣ ಮಾಸಿದೆ. ಯಂತ್ರದ ರೆಕ್ಕೆ ಆಕಾಶದಲ್ಲಿ ತಿರುಗಿದರೆ ನೆಲದ ಮೇಲಿನ ಹಲ್ಲಿಯ ಸ್ವಭಾವವೇ ಬದಲಾಗುತ್ತದೆ ಎಂದು ಕಾದಂಬರಿಕಾರನೊಬ್ಬ ಬರೆದಿದ್ದರೆ ನಾವು ಕಲ್ಪನಾವಿಲಾಸವೆಂದು ಮೆಚ್ಚಿ ಸುಮ್ಮನಾಗುತ್ತಿದ್ದೆವು. ಕಪ್ಪತಗುಡ್ಡದ ಸಾಲಿನ ಮೇಲೂ ಅಂಥ ಗಾಳಿಯಂತ್ರಗಳು ತಿರುಗುತ್ತಿವೆ. ಅವುಗಳನ್ನು ನಾನು ದಿನವೂ ನೋಡುತ್ತಿದ್ದೆ. ಅವುಗಳ ನೆರಳು ಬೀಳುವ ಕಡೆ ನೋಡಿರಲಿಲ್ಲ.

ಈಗ ಆ ಕೊರಗಿನ ಮಾತಿಗೆ ಮರಳೋಣ. 'ಮಿಸ್ಸಿಂಗ್ ಲಿಂಕ್', 'ಪರಿಸರದ ಕತೆ' ಮುಂತಾದುವು ತೇಜಸ್ವಿ ಸಾಹಿತ್ಯವನ್ನು ಬಿಟ್ಟು ಹೋದದ್ದರ ಗುರುತೆಂದು ನಾವು ತಿಳಿದೆವು. ವಾಸ್ತವವಾಗಿ ಅವು 'ಕರ್ವಾಲೊ'ವಿನ ಬೇರುಗಳು; ಕಾಲಕ್ರಮದಲ್ಲಿ ಮಾತ್ರ ಹಿಂದುಮುಂದಾಗಿ ಬಂದುವು. ನಮ್ಮ ಇಂಗ್ಲಿಷ್ ಬಲ್ಲ ನಾಲ್ಕು ಜನರು ತಮ್ಮಷ್ಟಕ್ಕೆ ಓದಿಕೊಳ್ಳುತ್ತಿದ್ದ ಲೋಕವನ್ನು ಅವರು ಮೂಡಿಗೆರೆಯ ಮಾರ, ಪ್ಯಾರರಿಗೆ ಅರ್ಥವಾಗುವ ಕನ್ನಡಕ್ಕೆ ಇಳಿಸಿದರು. ಆ ಕನ್ನಡವನ್ನು ಗಮನಿಸ ಹೊರಟರೆ ಇನ್ನೊಂದು ಭಾಷಣವೇ ಬೇಕಾಗುತ್ತದೆ. ಪಾರಿಭಾಷಿಕ ಶಬ್ದಕೋಶಗಳಿಂದ ಎತ್ತಿ ತಂದ ಕಬ್ಬಿಣದ ಕಡಲೆಗಳು ಅಲ್ಲಿಲ್ಲ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಪಂಪುಸೆಟ್ಟಿನ ಎದುರು ಕುಳಿತವನು ಪಕ್ಕದವನಿಗೆ ವಿವರಿಸುವಾಗಿನ ಭಾಷೆ ಅದು. ತಮಾಷೆಯೆಂದರೆ, ಪೆದ್ದುಪೆದ್ದಾಗಿ ಮಾತಾಡುತ್ತಾರೆಂದು ನಮಗನ್ನಿಸುವ ಅವರ ಪಾತ್ರಗಳ ಬಾಯಿಂದಲೇ ಜೀವಶಾಸ್ತ್ರದ ದೊಡ್ಡ ತತ್ವಗಳು ಹೊರಬೀಳುತ್ತವೆ. ನಾವು ನಕ್ಕು ಪುಟ ತಿರುವಿದ ಮೇಲೆ ಅದು ತಿಳಿಯುತ್ತದೆ.

ತಮ್ಮ ತಂದೆಯ ಕುರಿತು ತೇಜಸ್ವಿ 1996ರಲ್ಲಿ 'ಅಣ್ಣನ ನೆನಪು' ಬರೆದರು. ಮಹಾಕವಿಯ ಮಗ ಬರೆದದ್ದೆಂದರೆ ಭಕ್ತಿಯ ಭಾರದಿಂದ ಕುಸಿಯುವ ಪುಸ್ತಕವಾದೀತೆಂದು ಹೆದರಿದ್ದವರಿಗೆ ಆಶ್ಚರ್ಯ ಕಾದಿತ್ತು. ಅಲ್ಲಿ ಕುವೆಂಪು ಅವರ ಮೇಲೆ ಬಿದ್ದಿರುವ ದೃಷ್ಟಿಯೂ ಹಕ್ಕಿಯನ್ನು ನೋಡುವವನ ದೃಷ್ಟಿಯೇ. ಪ್ರೀತಿ ತುಂಬಿದೆ, ಕೌತುಕ ತುಂಬಿದೆ. ಆರತಿ ತಟ್ಟೆ ಮಾತ್ರ ಇಲ್ಲ.

2007ರ ಏಪ್ರಿಲ್ 5ರಂದು 'ನಿರುತ್ತರ'ದಲ್ಲಿಯೇ ಅವರು ತೀರಿಕೊಂಡರು. ಅರವತ್ತೆಂಟು ವರ್ಷವಾಗಿತ್ತು. ಅದಕ್ಕೆ ಕೆಲಕಾಲ ಮೊದಲು 'ಮಾಯಾಲೋಕ' ಪ್ರಕಟವಾಗಿತ್ತು. ಪುಸ್ತಕದ ಮೇಲೆ ಒಂದನೆಯ ಭಾಗವೆಂದಿತ್ತು.

ಕಪ್ಪತಗುಡ್ಡವನ್ನು 2019ರಲ್ಲಿ ಸರಕಾರ ವನ್ಯಜೀವಿಧಾಮವೆಂದು ಸಾರಿತು. ವಿಸ್ತೀರ್ಣ ಸುಮಾರು 244 ಚದರ ಕಿಲೋಮೀಟರು. ಗಣಿಯ ಆಸೆ ಆ ಗುಡ್ಡದ ಮೇಲೆ ಎಷ್ಟು ಸಲ ಬಾಯ್ತೆರೆಯಿತು, ಮಠ ಮತ್ತು ಜನ ಒಂದಾಗಿ ಹೇಗೆ ಎದುರು ನಿಂತರು ಎಂಬುದು ಈ ಸೀಮೆಯವರಿಗೆ ಹೊಸದಲ್ಲ. ಆ ಚಳವಳಿಯ ಸಭೆಗಳಲ್ಲಿ ಔಷಧಿ ಗಿಡಗಳ ಹೆಸರುಗಳನ್ನು ಕೇಳಿದ್ದೇನೆ, ಮಳೆ ಗಾಳಿಗಳ ಮಾತು ಕೇಳಿದ್ದೇನೆ. ಓತಿಕ್ಯಾತದ ಮಾತನ್ನು ಯಾರೂ ಎತ್ತಿದ ನೆನಪಿಲ್ಲ, ನಾನಂತೂ ಎತ್ತಲಿಲ್ಲ.

ಆ ಹುಡುಗ ಈಗ ಒಂದು ನೋಟುಪುಸ್ತಕ ಇಟ್ಟುಕೊಂಡಿದ್ದಾನೆ. ಕುರಿಯ ಹಿರಿಯನ ಹಿಂದೆ ರಜೆಯ ದಿನಗಳಲ್ಲಿ ಗುಡ್ಡ ಹತ್ತುತ್ತಾನೆ. ಕಂಡದ್ದನ್ನು ಬರೆದು ತಂದು ತೋರಿಸುತ್ತಾನೆ. ಅಕ್ಷರ ಕೆಟ್ಟದಾಗಿದೆ, ಚಿತ್ರ ಪರವಾಗಿಲ್ಲ. ಹೋದ ವಾರ ತಂದದ್ದರಲ್ಲಿ ಗಾಳಿಯಂತ್ರದ ಕಂಬದ ಬುಡದಲ್ಲಿ ಕಂಡ ಓತಿಗಳು ಹನ್ನೊಂದು, ಆಚೆಯ ದಿನ್ನೆಯಲ್ಲಿ ಮೂರು ಎಂದು ಬರೆದಿತ್ತು. ಹತ್ತಿರ ಹೋದಾಗ ಯಾವುದು ಎಷ್ಟು ಹೆಜ್ಜೆಗೆ ಓಡಿತೆಂದು ಬರೆದಿದ್ದೀಯಾ ಎಂದು ಕೇಳಿದೆ. ಇಲ್ಲವೆಂದ. ಬರುವ ಭಾನುವಾರ ನಾನೂ ಜೊತೆಗೆ ಹೋಗುವುದೆಂದು ಮಾತಾಗಿದೆ.